ಕಲ್ಲಿನ ಕಥೆ ಹೇಳಲು ಒಬ್ಬ ರೇಂಜರ್

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚಿನಲ್ಲಿ ‘ಟ್ರೇಲ್ ಆಫ್ ಟೈಮ್’ ಎಂಬ ಕಾಲುಹಾದಿಯಿದೆ. ಮೀಟರಿಗೆ ಹತ್ತು ಲಕ್ಷ ವರ್ಷ, ಅದು ಆ ಹಾದಿಯ ಲೆಕ್ಕ. ಮೀಟರಿಗೊಂದರಂತೆ ನೆಲದಲ್ಲಿ ಲೋಹದ ಬಿಲ್ಲೆ ಕೂರಿಸಿದ್ದಾರೆ. ಯವಪಾಯ್ ಭೂವಿಜ್ಞಾನ ಸಂಗ್ರಹಾಲಯದಿಂದ ಹೊರಟು ಊರಿನ ಕಡೆಗೆ ನಡೆದಂತೆಲ್ಲ ಕಾಲ ಹಿಂದಕ್ಕೆ ಸರಿಯುತ್ತದೆ. ಕಣಿವೆಯ ಪದರಪದರಗಳಿಂದ ತಂದ ಕಲ್ಲುಗಳನ್ನು ಅವುಗಳ ವಯಸ್ಸಿಗೆ ಸರಿಯಾದ ಜಾಗದಲ್ಲೇ ಇಟ್ಟಿದ್ದಾರೆ. ಮುಟ್ಟಬಹುದು, ಸವರಬಹುದು, ಮಕ್ಕಳು ಅಪ್ಪಿಕೊಳ್ಳಲೂಬಹುದು. 270ನೇ ಮೀಟರಿನ ಹತ್ತಿರ ಕಣಿವೆಯ ನೆತ್ತಿಯ ಸುಣ್ಣಕಲ್ಲು ಸಿಗುತ್ತದೆ, ಅಂದರೆ ಅದಕ್ಕೆ 27 ಕೋಟಿ ವರ್ಷ. 1700 ದಾಟಿದ ಮೇಲೆ ಕಣಿವೆಯ ತಳದ ಕಪ್ಪು ಶಿಲೆಗಳು ಬರುತ್ತವೆ. 1840ನೇ ಮೀಟರಿನಲ್ಲಿ ಆ ಕಣಿವೆಯ ಎಲ್ಲಕ್ಕಿಂತ ಹಳೆಯ ಕಲ್ಲು ಕೂತಿದೆ. 2010ರಲ್ಲಿ ತೆರೆದ ಹಾದಿಯಿದು. ಬಂದವರಲ್ಲಿ ಬಹುಪಾಲು ಜನ ಆ ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಇನ್ನು ನೋಡುವುದೇನಿದೆ ಎಂದು ಐಸ್‌ಕ್ರೀಂ ಅಂಗಡಿಯತ್ತ ತಿರುಗುತ್ತಾರೆ.

ಹಾದಿ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಭೂಮಿ ಹುಟ್ಟಿದ 456 ಕೋಟಿ ವರ್ಷದವರೆಗೂ ಅದನ್ನು ಎಳೆದಿದ್ದಾರೆ. ನಾನು ಮುಂದಕ್ಕೆ ನಡೆದೆ. ಮಗಳು, ಅಳಿಯ, ಮೊಮ್ಮಗಳು ಹಿಂದೆ ಬಂದರು. 2400ನೇ ಮೀಟರಿನ ಹತ್ತಿರ ನಿಂತು ಮೊಮ್ಮಗಳಿಗೆ ಹೇಳಿದೆ: “ಹೊಗೇನಕಲ್ಲಿನಲ್ಲಿ ತೆಪ್ಪದಿಂದ ಕೈಚಾಚಿ ಮುಟ್ಟಿದ್ದೆಯಲ್ಲ, ಆ ಕಡೆಯ ಕಲ್ಲಿನ ಜಾಗ ಇದು.”

ಇದು ಪ್ರೀತಿಗೆ ಹೇಳಿದ ಮಾತಲ್ಲ. ಕಾವೇರಿ ದಡದ ಹೊಗೇನಕಲ್ಲಿನ ಸುತ್ತ ಕಾರ್ಬೊನಟೈಟ್ ಎಂಬ ಅಪರೂಪದ ಶಿಲೆಯಿದೆ. ಸುಣ್ಣಕಲ್ಲಿನ ಜಾತಿಯದೇ, ಆದರೆ ಸಮುದ್ರದ ತಳದಲ್ಲಿ ಕೂಡಿದ್ದಲ್ಲ; ಭೂಮಿಯ ಆಳದಿಂದ ಕುದಿವ ರಸವಾಗಿ ಮೇಲೆದ್ದು ಹಳೆಯ ಬಂಡೆಗಳ ಬಿರುಕಿನಲ್ಲಿ ಹೆಪ್ಪುಗಟ್ಟಿದ್ದು. ಭೂವಿಜ್ಞಾನಿಗಳು ಅದಕ್ಕೆ ಕಟ್ಟಿರುವ ವಯಸ್ಸು ಸುಮಾರು 240 ಕೋಟಿ ವರ್ಷ. ಜಗತ್ತಿನಲ್ಲಿ ಇಷ್ಟು ಹಳೆಯ ಕಾರ್ಬೊನಟೈಟ್‌ಗಳು ಬಹಳ ಕಡಿಮೆ. ಅದು ಹೊಕ್ಕು ಕೂತಿರುವ ಸುತ್ತಲ ಬಂಡೆಗಳು ಇನ್ನೂ ಹಿರಿಯವು, 250 ಕೋಟಿಯ ಆಸುಪಾಸಿನವು. ಗ್ರ್ಯಾಂಡ್ ಕ್ಯಾನ್ಯನ್‌ನ ತಳಕ್ಕೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಇಳಿದು ಮುಟ್ಟುವ ಕಲ್ಲಿಗಿಂತ, ಪೆನ್ನಾಗರಂ ಬಸ್ಸಿನಿಂದ ಇಳಿದು ಚಪ್ಪಲಿ ಬಿಟ್ಟು ಕಾಲಿಡುವ ಕಲ್ಲಿಗೆ ಐವತ್ತು ಕೋಟಿ ವರ್ಷ ಹೆಚ್ಚು.

ಹತ್ತಿರದಲ್ಲಿ ಅಗಲ ಟೋಪಿಯ ರೇಂಜರ್ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಅಳಿಯ ಅವಳಿಗೆ ನನ್ನ ಮಾತನ್ನು ಹೇಳಿದರು. ಅವಳ ಕಣ್ಣು ಅರಳಿತು. ಎಲ್ಲಿದೆ ಆ ಜಾಗ, ನದಿ ಯಾವುದು, ಅಲ್ಲಿ ಇದನ್ನೆಲ್ಲ ಜನರಿಗೆ ಹೇಗೆ ಹೇಳುತ್ತೀರಿ ಎಂದು ಒಂದರ ಹಿಂದೆ ಒಂದು ಕೇಳಿದಳು. ಮೊದಲ ಎರಡಕ್ಕೆ ಉತ್ತರ ಕೊಟ್ಟೆ.

ಮೂರನೆಯ ಪ್ರಶ್ನೆಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಮಲಗಿರುವ ಕಣಿವೆ

ನಾನು ಸೇಲಂ ಕಡೆಯ ದೇವಾಂಗ ನೇಕಾರರ ಮನೆಯಲ್ಲಿ ಹುಟ್ಟಿ ಅದಿಯಮಾನ್‌ಕೋಟೆಗೆ ಸೊಸೆಯಾಗಿ ಬಂದವಳು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿದ್ದೂ ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿಸಿದವರು ಅಪ್ಪ, ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು.

ಧರ್ಮಪುರಿಯಿಂದ ಸೇಲಂ ದಾರಿಯಲ್ಲಿ ಸ್ವಲ್ಪ ದೂರ ಬಂದರೆ ನಮ್ಮೂರು. ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯ ಹೆಸರು ಊರಿಗೆ ನಿಂತಿದೆ. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟವನು ಎಂದು ತಮಿಳು ನಾಡೆಲ್ಲ ಅವನನ್ನು ನೆನೆಯುತ್ತದೆ. ಅವನ ಕಾಲದ ನಂತರ ಈ ಸೀಮೆಯನ್ನು ನೊಳಂಬರೂ ಆಳಿದರು. ಧರ್ಮಪುರಿಯಲ್ಲಿ ಕನ್ನಡ ಶಾಸನಗಳು ಸಿಕ್ಕಿರುವುದು ಅದರಿಂದಲೇ. ಚೆನ್ನರಾಯ ಪೆರುಮಾಳ್ ಗುಡಿಯ ಮಂಟಪದಲ್ಲಿ ತಲೆಯೆತ್ತಿದರೆ ರಾಮಾಯಣ, ಮಹಾಭಾರತದ ಚಿತ್ರಗಳು. ಕಾಲಭೈರವನ ಗುಡಿಗೆ ಅಷ್ಟಮಿಯಂದು ಬೂದುಗುಂಬಳದಲ್ಲಿ ದೀಪ ಹಚ್ಚಲು ದೂರದೂರದಿಂದ ಜನ ಬರುತ್ತಾರೆ. ಊರಿನ ಈ ಕಥೆಗಳನ್ನೆಲ್ಲ ಹೇಳುವವರು ಊರಿನಲ್ಲೇ ಇದ್ದಾರೆ. ಊರಿನ ಕೆಳಗಿರುವ ನೆಲದ ಕಥೆ ಮಾತ್ರ ನನಗೆ ಕಾಲೇಜು ಪುಸ್ತಕದಿಂದ ಬಂತು.

ಆ ಕಥೆ ಎಷ್ಟು ದೊಡ್ಡದೆಂದು ಹೇಳುತ್ತೇನೆ. ಬೆಂಗಳೂರಿನಿಂದ ಹೊಸೂರು, ಶೂಲಗಿರಿ, ಕೃಷ್ಣಗಿರಿ, ಕಾವೇರಿಪಟ್ಟಣಂ ಹಾದು ಧರ್ಮಪುರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 44 ಬಹುಜನಕ್ಕೆ ಟೋಲ್‌ಗೇಟ್ ಮತ್ತು ಲಾರಿಗಳ ದಾರಿ. ಭೂವಿಜ್ಞಾನಿಗಳಿಗೆ ಅದು ಜಗತ್ತಿನ ಅಪರೂಪದ ದಾರಿಗಳಲ್ಲೊಂದು. ಭೂಮಿಯ ಹೊರಚಿಪ್ಪು ಇಲ್ಲಿ ಓರೆಯಾಗಿ ಎದ್ದಿದೆ. ಕೋಟಿಗಟ್ಟಲೆ ವರ್ಷ ಮಳೆ, ಗಾಳಿ ಮೇಲಿನದನ್ನು ಸವೆಸಿ ತೆಗೆದುಕೊಂಡು ಹೋಗಿವೆ. ಹೀಗಾಗಿ ಉತ್ತರದಿಂದ ದಕ್ಷಿಣಕ್ಕೆ ಬಂದಂತೆಲ್ಲ ಹೆಚ್ಚುಹೆಚ್ಚು ಆಳದಲ್ಲಿ ಬೆಂದ ಕಲ್ಲುಗಳು ಮೇಲೆ ಕಾಣುತ್ತವೆ. ಕೃಷ್ಣಗಿರಿಯ ಆಚೆ ಬೂದು ಬಣ್ಣದ ಪಟ್ಟೆಪಟ್ಟೆ ನೈಸ್ ಶಿಲೆ. ಧರ್ಮಪುರಿಯ ಕಡೆಗೆ ಬಂದಾಗ ಅದೇ ಕಲ್ಲಿಗೆ ಎಣ್ಣೆ ಸವರಿದಂಥ ಕಪ್ಪುಹಸಿರು ಬಣ್ಣ, ಅದು ಚಾರ್ನೊಕೈಟ್. ನೀರಿನಂಶ ಬಿಟ್ಟುಹೋಗಿ, ಭಾರಿ ಒತ್ತಡದಲ್ಲಿ, 700 ಡಿಗ್ರಿಗೂ ಮೀರಿದ ಕಾವಿನಲ್ಲಿ ಹದವಾದ ಕಲ್ಲು. ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಬಂಡೆ ಒಂದು ಕಾಲಕ್ಕೆ ನೆಲದಿಂದ 20 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿತ್ತು.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಆಳ ಕಣ್ಣಿಗೆ ಕಾಣುತ್ತದೆ, ಎದೆ ಝಲ್ಲೆನ್ನುತ್ತದೆ. ಆ ಕಣಿವೆಯ ಉದ್ದ 446 ಕಿಲೋಮೀಟರ್, ಕೆಲವೆಡೆ ಅಗಲ 29 ಕಿಲೋಮೀಟರ್. ಕೆಳಗೆ ಕೊಲೊರಾಡೊ ನದಿ ದಾರದೆಳೆಯಂತೆ ಹರಿಯುತ್ತಿರುತ್ತದೆ. ನಮ್ಮಲ್ಲಿರುವುದು ಮಲಗಿರುವ ಕಣಿವೆ. ಬಸ್ಸಿನ ಕಿಟಕಿಯ ಹೊರಗೆ ಅದು ಸಮತಟ್ಟಾಗಿ ಹಾದುಹೋಗುತ್ತದೆ. ನೋಡಿದರೆ ಕಾಣುವಂಥದ್ದಲ್ಲ, ಯಾರಾದರೂ ಹೇಳಿದರೆ ಮಾತ್ರ ಕಾಣುವಂಥದ್ದು. ತೊಪ್ಪೂರು ಘಾಟಿಯಲ್ಲಿ ರಸ್ತೆಗಾಗಿ ಬೆಟ್ಟ ಕಡಿದಿರುವ ಕಡೆ ನಿಂತು ನಾನು ಮಕ್ಕಳಿಗೆ ಇದನ್ನು ಹೇಳಿದ್ದೇನೆ. ಆ ಮಕ್ಕಳಲ್ಲಿ ಒಬ್ಬ ಈಗ ಲಾರಿ ಓಡಿಸುತ್ತಾನೆ. ಆ ಘಾಟಿ ಇಳಿಯುವಾಗ ಕ್ಲೀನರ್ ಹುಡುಗನಿಗೆ ಕಲ್ಲಿನ ವಯಸ್ಸು ಹೇಳುತ್ತೇನೆ ಎಂದು ಸಂತೆಯಲ್ಲಿ ಸಿಕ್ಕಾಗ ಹೇಳಿದ. ಪಾಠ ಹೇಳಿದವಳಿಗೆ ಅದಕ್ಕಿಂತ ದೊಡ್ಡ ಸಂಬಳ ಬೇರೆಯಿಲ್ಲ.

ಈ ಕಲ್ಲು ನಮ್ಮ ಮೈಯೊಳಗೂ ಇದೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಶಿಲೆಯೊಳಗಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಮಳೆ ಕಡಿಮೆಯಾಗಿ ಬಾವಿ ಆಳವಾದಷ್ಟೂ ಹೆಚ್ಚುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ತರಗತಿಯಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತಿತ್ತು. ದೊಡ್ಡವರಲ್ಲಿ ಮಂಡಿ, ಬೆನ್ನು ಬಿಗಿದುಕೊಂಡು ಬಗ್ಗಲಾಗದವರನ್ನು ಬೀದಿಬೀದಿಯಲ್ಲಿ ಕಂಡಿದ್ದೇನೆ. ಹೊಗೇನಕಲ್ಲಿನಿಂದ ಕಾವೇರಿಯ ಕುಡಿಯುವ ನೀರನ್ನು ಎರಡೂ ಜಿಲ್ಲೆಗಳಿಗೆ ತರುವ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಅದರ ಸುತ್ತ ಎರಡು ರಾಜ್ಯಗಳ ನಡುವೆ ಎದ್ದ ಮಾತುಗಳು ಓದುಗರಿಗೆ ನೆನಪಿರಬಹುದು. ನನಗೆ ನೆನಪಿರುವುದು ಆ ಹಲ್ಲುಗಳು.

ಎರಡು ಅಣೆಕಟ್ಟು

ಅಮೆರಿಕದ ಅದೇ ಪ್ರವಾಸದಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋದದ್ದು ಮಗಳ ಮನೆಯಿಂದ ಕಾರಿನಲ್ಲಿ. ಸುರಂಗ ದಾಟುತ್ತಿದ್ದಂತೆ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ಎಡಕ್ಕೆ ಎಲ್ ಕ್ಯಾಪಿಟನ್, ಸುಮಾರು 3000 ಅಡಿ ನೆಟ್ಟಗೆ ಎದ್ದ ಒಂದೇ ಬಂಡೆ. ದೂರದಲ್ಲಿ ಹಾಫ್ ಡೋಮ್. ಬಂಡೆಗಳ ಸೀಮೆಯಲ್ಲಿ ಬೆಳೆದವಳಿಗೆ ಬಂಡೆ ಕಂಡು ಕಣ್ಣೀರು ಬಂತೆಂದರೆ ನಂಬುವುದು ಕಷ್ಟ, ಆದರೂ ಬಂತು. ಆ ಗ್ರಾನೈಟ್‌ಗೆ ಹತ್ತು ಕೋಟಿ ವರ್ಷವಷ್ಟೇ; ನಮ್ಮ ಬಂಡೆಗಳ ಮುಂದೆ ಎಳೆಗೂಸು. ಅದರ ಚೆಲುವೆಲ್ಲ ಹಿಮನದಿಗಳು ಉಜ್ಜಿ ಕಡೆದದ್ದು.

ಮರಿಪೋಸ ತೋಪಿನಲ್ಲಿ ‘ಗ್ರಿಜ್ಲಿ ಜೈಂಟ್’ ಎಂಬ ಸಿಕೋಯಾ ಮರವಿದೆ, ವಯಸ್ಸು ಸುಮಾರು 3000 ವರ್ಷ. ನಮ್ಮ ಅದಿಯಮಾನ್ ನೆಲ್ಲಿಕಾಯಿ ಕೊಡುವ ಹೊತ್ತಿಗೆ ಅದು ಸಾವಿರ ವರ್ಷದ ಮರ. 1864ರಲ್ಲಿ, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ಈ ತೋಪನ್ನೂ ಯೊಸೆಮಿಟಿ ಕಣಿವೆಯನ್ನೂ ಸಾರ್ವಜನಿಕರಿಗಾಗಿ ಕಾದಿಡಬೇಕೆಂಬ ಕಾಯ್ದೆಗೆ ಸಹಿ ಹಾಕಿದರು. ದೇಶ ಎರಡಾಗಿ ಹೊಡೆದಾಡುತ್ತಿದ್ದಾಗ ಒಂದು ಮರದ ತೋಪಿಗಾಗಿ ಸಹಿ! ಯೆಲ್ಲೋಸ್ಟೋನ್ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು 1872ರಲ್ಲಿ; ಯೊಸೆಮಿಟಿ 1890ರಲ್ಲಿ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಯೆಲ್ಲೋಸ್ಟೋನ್‌ಗೆ ಸರಿಯಾಗಿ ನೂರು ವರ್ಷದ ನಂತರ, 1972ರಲ್ಲಿ.

ಯೊಸೆಮಿಟಿಯೊಳಗೇ ಹೆಚ್ ಹೆಚೀ ಎಂಬ ಇನ್ನೊಂದು ಕಣಿವೆಯಿದೆ. ಪ್ರವಾಸಿಗರು ಅಲ್ಲಿಗೆ ಕಡಿಮೆ. ನಾನು ಹಟ ಹಿಡಿದು ಹೋದೆ, ಏಕೆಂದರೆ ಅದರ ಕಥೆ ನಮ್ಮ ಮೆಟ್ಟೂರಿನ ಕಥೆಯ ಅಕ್ಕನಂಥದ್ದು. ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಕುಡಿಯುವ ನೀರು ಬೇಕಾಯಿತು. ಆ ಕಣಿವೆಗೆ ಅಣೆಕಟ್ಟು ಕಟ್ಟಬಾರದೆಂದು ಜಾನ್ ಮ್ಯೂರ್ ಎಂಬ ಕಾಡುಪ್ರೇಮಿ ವರ್ಷಗಟ್ಟಲೆ ಹೋರಾಡಿದರು. 1913ರಲ್ಲಿ ಕಾಯ್ದೆ ಪಾಸಾಯಿತು. ಮರುವರ್ಷ ಮ್ಯೂರ್ ತೀರಿಕೊಂಡರು. 1923ಕ್ಕೆ ಅಣೆಕಟ್ಟು ಮುಗಿದು ಕಣಿವೆ ಮುಳುಗಿತು. ಇದಾಗಿ ಹನ್ನೊಂದು ವರ್ಷಕ್ಕೆ, 1934ರಲ್ಲಿ, ಆಗಿನ ಸೇಲಂ ಜಿಲ್ಲೆಯಲ್ಲಿ ಮೆಟ್ಟೂರು ಅಣೆಕಟ್ಟು ಎದ್ದಿತು. ಪೂರ್ತಿ ತುಂಬಿದರೆ 120 ಅಡಿ, 93.47 ಟಿಎಂಸಿ. ತಂಜಾವೂರಿನ ಗದ್ದೆಗಳು ಬದುಕಿದವು, ಇಲ್ಲಿನ ಹಳ್ಳಿಗಳು ಮುಳುಗಿದವು. ಬರಗಾಲದಲ್ಲಿ ನೀರು ಇಳಿದಾಗ ಪಣ್ಣವಾಡಿಯ ಹತ್ತಿರ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ನೀರಿನಿಂದ ತಲೆ ಎತ್ತುತ್ತವೆ. ಆಗ ಜನ ಕುಟುಂಬ ಸಮೇತ ನೋಡಲು ಹೋಗುತ್ತಾರೆ. ನೀರಿಲ್ಲವಲ್ಲ ಎಂಬ ಕಳವಳ ಒಂದು ಕಡೆ, ಅಜ್ಜಂದಿರ ಊರು ಕಂಡಿತಲ್ಲ ಎಂಬ ಸಡಗರ ಇನ್ನೊಂದು ಕಡೆ.

ಹೆಚ್ ಹೆಚೀಯ ಅಣೆಕಟ್ಟಿನ ಮೇಲೆ ನಿಂತು ನಾನು ಯಾರ ಪಕ್ಷ ವಹಿಸಬೇಕೆಂದು ಬಹಳ ಹೊತ್ತು ಯೋಚಿಸಿದೆ. ಫ್ಲೋರೈಡ್ ನೀರು ಕುಡಿದ ಊರಿನವಳು ಕುಡಿಯುವ ನೀರು ಕೇಳಿದವರನ್ನು ಬಯ್ಯಲಾರಳು. ಆದರೆ ಒಂದನ್ನು ಮೆಚ್ಚಿದೆ: ಅಲ್ಲಿ ಮುಳುಗಿದ ಕಣಿವೆಯ ಹಳೆಯ ರೂಪವನ್ನೂ, ಅದಕ್ಕಾಗಿ ನಡೆದ ಜಗಳವನ್ನೂ ಬಂದವರಿಗೆ ತಿಳಿಸುತ್ತಾರೆ. ಕಳೆದುಕೊಂಡದ್ದನ್ನು ಹೆಸರಿಟ್ಟು ಹೇಳುತ್ತಾರೆ.

ತಪ್ಪನ್ನೂ ಫಲಕದಲ್ಲಿ ಬರೆದವರು

ಯೆಲ್ಲೋಸ್ಟೋನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಿಸಿನೀರ ಬುಗ್ಗೆಗಳ ಆ ಲೋಕವನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ‘ಓಲ್ಡ್ ಫೇತ್‌ಫುಲ್’ ಬುಗ್ಗೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಮುಂದಿನ ಸಲ ಎಷ್ಟು ಹೊತ್ತಿಗೆ ಎಂದು ರೇಂಜರ್‌ಗಳು ಹಲಗೆಯ ಮೇಲೆ ಬರೆದಿಡುತ್ತಾರೆ. ಹಿಂದಿನ ಸಲ ಎಷ್ಟು ನಿಮಿಷ ಚಿಮ್ಮಿತು ಎಂಬುದರಿಂದ ಲೆಕ್ಕ ಹಾಕುವುದು ಹೇಗೆಂದು ಮಕ್ಕಳಿಗೆ ವಿವರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ತೋಳಗಳ ಕಥೆ. ದನಗಾಹಿಗಳಿಗೆ ಹಾನಿಯೆಂದು ಉದ್ಯಾನದವರೇ ತೋಳಗಳನ್ನು ಕೊಲ್ಲಿಸಿದರು, 1926ರ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಎಲ್ಕ್ ಜಿಂಕೆಗಳು ಹೆಚ್ಚಿ ಹೊಳೆದಂಡೆಯ ಎಳೆಗಿಡಗಳು ಉಳಿಯದಾದವು. 1995ರಲ್ಲಿ ಕೆನಡಾದಿಂದ 14 ತೋಳ ತಂದು ಬಿಟ್ಟರು, ಮರುವರ್ಷ ಇನ್ನೂ 17. ಇದನ್ನು ಹೇಳುವಾಗ ರೇಂಜರ್ ‘ನಾವು ಕೊಂದೆವು’ ಎಂದೇ ಹೇಳಿದರು.

ಮನುಷ್ಯರ ವಿಷಯದಲ್ಲಿ ಅಷ್ಟು ನೇರವಾಗಿ ಹೇಳಲು ಅವರಿಗೆ ಬಹಳ ಕಾಲ ಹಿಡಿಯಿತು. ಯೊಸೆಮಿಟಿ ಖಾಲಿ ಕಾಡಾಗಿರಲಿಲ್ಲ. 1851ರಲ್ಲಿ ಮರಿಪೋಸ ಬೆಟಾಲಿಯನ್ ಎಂಬ ಪಡೆ ಅಹ್ವಾನಿಚೀ ಜನರ ಹಳ್ಳಿಗಳಿಗೆ ಬೆಂಕಿಯಿಟ್ಟು ಅವರನ್ನು ಓಡಿಸಿತ್ತು. ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಹವಸುಪೈ ಜನ ಬೇಸಾಯ ಮಾಡಿಕೊಂಡಿದ್ದ ತೋಟದ ಜಾಗದಿಂದ ಕೊನೆಯ ನಿವಾಸಿಯನ್ನು 1928ರಲ್ಲಿ ಹೊರಹಾಕಿದರು. 2022ರಲ್ಲಿ ಆ ಜಾಗಕ್ಕೆ ಹವಸುಪೈ ಗಾರ್ಡನ್ಸ್ ಎಂದು ಅವರದೇ ಹೆಸರು ಇಟ್ಟರು. ಹೆಸರು ಬಂತು, ತೋಟ ಬರಲಿಲ್ಲ.

ಈ ಒಂದು ವಿಷಯದಲ್ಲಿ ಅಮೆರಿಕದ ಮಾದರಿ ನಮಗೆ ಬೇಡವೇ ಬೇಡ ಎಂಬುದು ನನ್ನ ಗಟ್ಟಿ ನಿಲುವು. ನಮ್ಮ ಕಾವೇರಿ ಕಾಡಿನೊಳಗೆ ಜನರಿದ್ದಾರೆ, ದೇವರಿದ್ದಾರೆ, ದಾರಿಗಳಿವೆ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಸಾವಿರಾರು ಜನ ಕಾಡು ನಡೆದು, ಹೊಳೆ ದಾಟಿ ಮಲೆ ಮಹದೇಶ್ವರನ ಬೆಟ್ಟ ಹತ್ತುತ್ತಾರೆ. ನಮ್ಮ ಸೇಲಂ ಕಡೆಯವರು ಮೆಟ್ಟೂರಿನ ದಾರಿಯಲ್ಲಿ ಅದೇ ಬೆಟ್ಟಕ್ಕೆ ಹೋಗುತ್ತಾರೆ. ಆಡಿ ಹದಿನೆಂಟಕ್ಕೆ ಹೊಗೇನಕಲ್ಲಿನ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದದ್ದು, ಅದೂ ಹುಲಿ ಅಭಯಾರಣ್ಯದೊಳಗೆ, ದೇಶಕ್ಕೇ ಹೊಸದಾಗಿತ್ತು. ಕಾಡನ್ನು ಬಲ್ಲವರು ಕಾಡಿನಲ್ಲೇ ಇರುವಾಗ ಟೋಪಿ ಹಾಕಿದ ರೇಂಜರ್‌ಗಳನ್ನು ಹೊರಗಿನಿಂದ ತರಬೇಕಾಗಿಲ್ಲ. ಅವರ ತಲೆಗೇ ಆ ಟೋಪಿ ಇಟ್ಟರಾಯಿತು.

ಮೊಮ್ಮಗಳು ಅಲ್ಲಿ ‘ಜೂನಿಯರ್ ರೇಂಜರ್’ ಆದಳು. ಒಂದು ಪುಸ್ತಿಕೆ ಕೊಡುತ್ತಾರೆ. ಎಲೆ ನೋಡಿ ಚಿತ್ರ ಬಿಡಿಸಬೇಕು, ಪ್ರಾಣಿಯ ಹೆಜ್ಜೆ ಗುರುತಿಸಬೇಕು, ರೇಂಜರ್ ಮಾತು ಕೇಳಿ ಉತ್ತರ ಬರೆಯಬೇಕು. ಮುಗಿಸಿದ ಮೇಲೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ ಎದೆಗೆ ಬಿಲ್ಲೆ ಚುಚ್ಚುತ್ತಾರೆ. ಸುತ್ತ ನಿಂತ ಅಪರಿಚಿತರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಆ ದಿನವಿಡೀ ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಹೆಕ್ಕಿದಳು. ಇದಕ್ಕೆ ಖರ್ಚೆಷ್ಟು? ಒಂದು ಪುಸ್ತಿಕೆ, ಒಂದು ಬಿಲ್ಲೆ, ಹತ್ತು ನಿಮಿಷ ಬಗ್ಗಿ ಮಾತಾಡುವ ಒಬ್ಬ ಮನುಷ್ಯ.

ಬಿಳಿಗುಂಡ್ಲುವಿನಲ್ಲಿ ಟಿಎಂಸಿಯಷ್ಟೇ ಅಲ್ಲ

ಕನ್ನಡ ಪತ್ರಿಕೆ ಓದುವವರಿಗೆಲ್ಲ ಬಿಳಿಗುಂಡ್ಲು ಗೊತ್ತು. ತಮಿಳುನಾಡಿಗೆ ಹರಿವ ಕಾವೇರಿ ನೀರನ್ನು ಕೇಂದ್ರ ಜಲ ಆಯೋಗ ಅಳೆಯುವ ಜಾಗ. 2007ರ ನ್ಯಾಯಮಂಡಳಿ ತೀರ್ಪಿನಲ್ಲಿ 192 ಟಿಎಂಸಿ, 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ 177.25 ಟಿಎಂಸಿ. ಮಳೆ ಕೈಕೊಟ್ಟರೆ ಈ ಹೆಸರು ಮುಖಪುಟಕ್ಕೆ ಬರುತ್ತದೆ. ಅಲ್ಲಿ ಒಂದು ಕಾಡಿದೆ ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ.

ಇಲ್ಲಿ ಹೊಳೆಯ ಎರಡೂ ದಡ ಕಾಡೇ. ಕರ್ನಾಟಕದ ದಡದಲ್ಲಿ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ, 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿ ಧಾಮ. ತಮಿಳುನಾಡಿನ ದಡದಲ್ಲಿ 2014ರ ಕಾವೇರಿ ಉತ್ತರ ಧಾಮ, 504 ಚದರ ಕಿಲೋಮೀಟರ್. 2022ರ ನವೆಂಬರಿನಲ್ಲಿ ಸೇರಿದ ಕಾವೇರಿ ದಕ್ಷಿಣ ಧಾಮ, 686 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನದ ಪಟ್ಟ ಇವಕ್ಕಿಲ್ಲ, ಬಂಡೀಪುರ, ನಾಗರಹೊಳೆಯ ಹೆಸರೂ ಇಲ್ಲ. ಆದರೆ ಬನ್ನೇರುಘಟ್ಟದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಆನೆ ನಡೆದುಹೋಗಬಲ್ಲ ದಾರಿ ಉಳಿದಿರುವುದು ಇವುಗಳಿಂದ. ದಡದ ಹೊಳೆಮತ್ತಿ ಮರಗಳಲ್ಲಿ ಬೂದು ಬಣ್ಣದ ದೈತ್ಯ ಅಳಿಲು ಗೂಡು ಕಟ್ಟುತ್ತದೆ. ಬಂಡೆಗಳ ನಡುವೆ ನೀರುನಾಯಿ, ಮರಳಿನ ಮೇಲೆ ಮೊಸಳೆ. ನೀರಿನೊಳಗೆ ಕಾವೇರಿ ಬಿಟ್ಟು ಬೇರೆಲ್ಲೂ ಸಿಗದ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್. ಒಂದು ಕಾಲಕ್ಕೆ ಗಾಳ ಹಾಕಲು ವಿಲಾಯಿತಿಯವರು ಹಡಗು ಹತ್ತಿ ಬಂದದ್ದು ಈ ಮೀನಿಗಾಗಿ. ಅದರ ಸರಿಯಾದ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಸಿಕ್ಕ ಗಳಿಗೆಯಲ್ಲೇ ಹೋಗುವ ಭಯ.

ನಾನು ಹರೆಯದಲ್ಲಿದ್ದಾಗ ಈ ಕಾಡಿನ ಹೆಸರೆತ್ತಿದರೆ ಹಿರಿಯರು ಮಾತು ನಿಲ್ಲಿಸುತ್ತಿದ್ದರು. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಹೊಗೇನಕಲ್ಲಿನಿಂದ ದೂರವಿಲ್ಲ. ಅವನು 2004ರ ಅಕ್ಟೋಬರ್ 18ರ ರಾತ್ರಿ ಸತ್ತದ್ದು ನಮ್ಮ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರ. ಅವನ ಬಗ್ಗೆ ಸಿನಿಮಾ, ಸರಣಿ ಎಷ್ಟೋ ಬಂದಿವೆ. ಆ ಗೋಪಿನಾಥಂನಲ್ಲೇ ಜನರ ನಡುವೆ ಇದ್ದು, ಊರಿಗೊಂದು ಮಾರಿಯಮ್ಮನ ಗುಡಿ ಕಟ್ಟಿಸಿ, ಅವನ ಶರಣಾಗತಿಯ ಮಾತು ನಂಬಿ ನಿರಾಯುಧನಾಗಿ ಹೋಗಿ 1991ರಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕಥೆಯನ್ನು ಹೊಗೇನಕಲ್ಲಿಗೆ ಬರುವ ಎಷ್ಟು ಜನ ಬಲ್ಲರು? ಅಮೆರಿಕದವರು ಜಾನ್ ಮ್ಯೂರ್ ಹೆಸರಿನಲ್ಲಿ ದಾರಿ, ಕಾಡು, ಶಾಲೆ ಎಲ್ಲ ಇಟ್ಟಿದ್ದಾರೆ. ನಮ್ಮ ಕಾಡಿಗೆ ಪ್ರಾಣ ಕೊಟ್ಟವರ ಕಥೆಯನ್ನು ಗೋಪಿನಾಥಂನ ಮನೆಗಳಲ್ಲಿ ಅವರ ಪಟಕ್ಕೆ ಹೂ ಇಡುವವರು ಮಾತ್ರ ಹೇಳಿದರೆ ಸಾಕೆ?

2023ರ ಮಾರ್ಚಿನಲ್ಲಿ ಮಾರಂಡಹಳ್ಳಿಯ ಹತ್ತಿರ ಹೊಲದ ಬೇಲಿಗೆ ಹರಿಸಿದ್ದ ಕಳ್ಳ ವಿದ್ಯುತ್ತಿಗೆ ಮೂರು ಆನೆಗಳು ಸತ್ತವು. ಎರಡು ಮರಿಗಳು ತಾಯಂದಿರ ಹೆಣದ ಪಕ್ಕ ನಿಂತಿದ್ದವು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೇಲಿ ಹಾಕುವ ರೈತನ ಕಷ್ಟ ನನಗೆ ಗೊತ್ತು. ಒಂದು ರಾತ್ರಿಯಲ್ಲಿ ರಾಗಿ, ಬಾಳೆ ಹೋದರೆ ವರ್ಷದ ಅನ್ನ ಹೋಯಿತು. ಆದರೂ ಆ ಆನೆಗಳು ಎಲ್ಲಿಂದ ಎಲ್ಲಿಗೆ, ಯಾವ ತಿಂಗಳಲ್ಲಿ, ಯಾವ ನೀರಿಗಾಗಿ ನಡೆಯುತ್ತವೆ ಎಂದು ಆ ಊರಿನ ಶಾಲೆಯಲ್ಲಿ ಯಾರಾದರೂ ಗೋಡೆಯ ಮೇಲೆ ನಕ್ಷೆ ಬರೆದಿದ್ದರೆ, ಪರಿಹಾರದ ಹಣ ಬೇಗ ಬಂದಿದ್ದರೆ, ಆ ತಂತಿಗೆ ಕೈ ಹಾಕುವ ಮೊದಲು ಒಬ್ಬನಾದರೂ ತಡೆಯುತ್ತಿದ್ದನೆಂದು ನಾನು ನಂಬುತ್ತೇನೆ.

ಅಮೆರಿಕದಿಂದ ಬಂದ ಮೇಲೆ ನೆರೆಹೊರೆಯ ಮಕ್ಕಳನ್ನು ಕಟ್ಟಿಕೊಂಡು ಹೊಗೇನಕಲ್ಲಿಗೆ ಹೋದೆ. ಮೇಲಿನಿಂದ ನೀರು ಹೆಚ್ಚು ಬಂದರೆ ತೆಪ್ಪ ಬಿಡುವುದಿಲ್ಲ; ಅವತ್ತು ಬಿಟ್ಟಿದ್ದರು. ಎಣ್ಣೆ ತಿಕ್ಕುವವರು, ಮೀನು ಕರಿಯುವ ಹೆಂಗಸರು, ಕೋತಿಗಳು, ಎಂದಿನ ಗದ್ದಲ. ನನ್ನ ಕಣ್ಣಿಗೆ ಬಿದ್ದ ಫಲಕಗಳಲ್ಲಿ ಆಳ, ಸುಳಿ, ಸ್ನಾನ ನಿಷೇಧ ಎಂಬ ಎಚ್ಚರಿಕೆಗಳಿದ್ದವು. ಅವೂ ಬೇಕು, ಇಲ್ಲಿ ಪ್ರತಿ ವರ್ಷ ಜೀವಗಳು ಹೋಗುತ್ತವೆ. ನಮ್ಮನ್ನು ಕೂರಿಸಿಕೊಂಡ ಅಂಬಿಗ ನಡುವಯಸ್ಸಿನವನು, ತಮಿಳು, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಎಲ್ಲರಿಗೂ ಹೇಳುವ ಮಾತನ್ನೇ ಶುರುಮಾಡಿದ: “ಇಲ್ಲೇ ಅಮ್ಮಾ, ರೋಜಾ ಪಿಕ್ಚರ್ ಹಾಡು ತೆಗೆದದ್ದು.” 1992ರ ಸಿನಿಮಾ. ಮಕ್ಕಳು ಹುಟ್ಟುವ ಮೊದಲಿನದು. ಅವರು ಸುಮ್ಮನೆ ನೋಡಿದರು.

ನಾನು ಪಕ್ಕದ ಬಂಡೆ ತೋರಿಸಿ ಈ ಕಡೆಯ ಕಲ್ಲುಗಳ ವಯಸ್ಸು ಹೇಳಿದೆ. ಬೆನ್ನುಮೂಳೆ ಇರುವ ಒಂದು ಪ್ರಾಣಿಯೂ, ಒಂದು ಹುಲ್ಲುಕಡ್ಡಿಯೂ ಭೂಮಿಯ ಮೇಲೆ ಇಲ್ಲದ ಕಾಲದ ಕಲ್ಲು ಎಂದೆ. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. ತೆಪ್ಪ ನಿಧಾನ ತಿರುಗಿತು. “ನಮ್ಮ ತಾತನ ತಾತನಿಗೂ ಮುಂಚೆ ಅಂತ ಗೊತ್ತಿತ್ತು, ಇಷ್ಟು ಅಂತ ಯಾರೂ ಹೇಳಲಿಲ್ಲ ಅಮ್ಮಾ” ಎಂದ. ಆಮೇಲೆ ಅವನ ಸರದಿ. ನೀರುನಾಯಿಗಳು ಬೆಳಗ್ಗೆ ಯಾವ ಬಂಡೆಯ ಮೇಲೆ ಮೀನು ತಿನ್ನುತ್ತವೆ, ನೀರಿನ ಬಣ್ಣ ನೋಡಿ ಮೇಲೆ ಮಳೆಯಾದದ್ದನ್ನು ಹೇಗೆ ಹೇಳಬಹುದು, ಹಿಂದೆ ತೆಪ್ಪಕ್ಕೆ ಚರ್ಮ ಹೊದಿಸುತ್ತಿದ್ದಾಗ ಅದು ನೀರಿನ ಮೇಲೆ ಹೇಗೆ ನಡೆಯುತ್ತಿತ್ತು, ಎಲ್ಲ ಹೇಳಿದ. ಮಕ್ಕಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಲೇ ಇಲ್ಲ. ಒಬ್ಬ ಹುಡುಗಿ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು, ಅರ್ಧ ತಮಿಳಿನಲ್ಲಿ.

ದಡಕ್ಕೆ ಬಂದು ನಾವು ಇಳಿದೆವು. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ ಅದೇ ತೆಪ್ಪಕ್ಕೆ ಹತ್ತಿತು. ಮೇಲೆ ಬರುತ್ತಿದ್ದವಳಿಗೆ ಅವನ ದನಿ ಕೇಳಿತು, ಕನ್ನಡದಲ್ಲೇ ಹೇಳುತ್ತಿದ್ದ: “ಮೊದಲು ಈ ಕಲ್ಲು ಮುಟ್ಟಿ ನೋಡಿ ಸಾರ್. ಅಮೆರಿಕದಲ್ಲಿ ಒಂದು ದೊಡ್ಡ ಕಣಿವೆ ಇದೆಯಂತೆ, ಅದರ ಕಲ್ಲಿಗಿಂತ ಇದು ಐವತ್ತು ಕೋಟಿ ವರ್ಷ ದೊಡ್ಡದು. ಹಾಡು ತೆಗೆದ ಜಾಗ ಆಮೇಲೆ ತೋರಿಸ್ತೀನಿ.”